ಅಮ್ಮಗಾರ ತೆಲುಗು, ನನ್ನ ಕನ್ನಡ

ಹೋದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವದ ತಾಲೀಮಿನಲ್ಲಿ ಮೈಕಿನವನು ಮೈಕನ್ನು ನನ್ನ ಬಾಯಿಗೆ ತೀರಾ ಹತ್ತಿರ ತಂದಿಟ್ಟ. ಅದರ ತಲೆಗೆ ತೊಡಿಸಿದ್ದ ಕಪ್ಪು ಸ್ಪಂಜಿನಿಂದ ಹಳೆಯ ಎಂಜಲಿನ ವಾಸನೆ ಬರುತ್ತಿತ್ತು. ಅದರೊಳಗೆ ಎಲ್ಲೋ ಲವಂಗದ ಘಾಟು. ಯಾರೋ ಭಾಷಣಕಾರರು ಗಂಟಲಿಗೆಂದು ಲವಂಗ ಕಚ್ಚಿಕೊಂಡು ಮಾತನಾಡಿದ್ದಿರಬೇಕು. ಕಾರ್ಯಕ್ರಮದ ಪಟ್ಟಿ ಓದಬೇಕಾಗಿದ್ದ ನಾನು ಸುಮ್ಮನೆ ನಿಂತುಬಿಟ್ಟೆ. ನನ್ನ ಬಲಗಡೆ ಒಂದು ಹೆಣ್ಣುದನಿ ತೆಲುಗಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸಿದಂತೆ, ಇನ್ನು ಕನ್ನಡದ ಸರದಿ ಎಂದು ನನ್ನ ಕಡೆ ನೋಡಿದಂತೆ...

ಆಕೆಯನ್ನು ಎಲ್ಲರೂ ಅಮ್ಮಗಾರು ಎನ್ನುತ್ತಿದ್ದರು. ಗಡಿಯಾಚೆ ರಾಯದುರ್ಗದ ಕಡೆಯವರು. ಮೊಳಕಾಲ್ಮೂರು, ರಾಂಪುರ, ತಳಕು, ಚಳ್ಳಕೆರೆ ಎಂದು ಈ ಸೀಮೆಯಲ್ಲೆಲ್ಲ ಕ್ರೈಸ್ತರ ಉಜ್ಜೀವನ ಕೂಟ ನಡೆಸಿ ಬೋಧನೆ ಮಾಡುತ್ತಿದ್ದ ಪ್ರಸಂಗಿ. ಎತ್ತರದ ಆಳು, ಹಣೆ ಖಾಲಿ, ಯಾವಾಗಲೂ ಬಿಳಿ ಸೀರೆ. ಆ ಬಿಳಿ ಸೀರೆಯನ್ನು ಭಕ್ತರು ಮೊಳಕಾಲ್ಮೂರಿನಲ್ಲಿ ಹೇಳಿ ನೇಯಿಸಿ ತಂದು ಕೊಡುತ್ತಿದ್ದರು. ಅವರ ಸರಳತೆಯೂ ರೇಷ್ಮೆಯದೇ ಆಗಬೇಕಿತ್ತು.

ನಾನು ಹುಟ್ಟಿದಾಗಿನಿಂದ ಕ್ರೈಸ್ತಳು, ಚಳ್ಳಕೆರೆಯಲ್ಲಿ ಕನ್ನಡ ಟೀಚರು. ಅವ್ವ ಆಂಧ್ರದ ಕಡೆಯವಳಾದ್ದರಿಂದ ಮನೆಯಲ್ಲಿ ತೆಲುಗೂ ಇತ್ತು. ಇಷ್ಟು ಸಾಕಾಯಿತು. ನಮ್ಮ ಸಭೆಯ ಕೂಟಗಳನ್ನೆಲ್ಲ ನಡೆಸುತ್ತಿದ್ದ ಕನ್ವೀನರ್ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಹಿಡಿದುಕೊಂಡರು. ನಿವೃತ್ತ ಬಸ್ ಡಿಪೋ ಮ್ಯಾನೇಜರ್. ಬಸ್ಸಿಗೆ ಜನ ಹತ್ತಿಸಿದ ದನಿಯಲ್ಲೇ ಈಗ ಸ್ವರ್ಗಕ್ಕೆ ಹತ್ತಿಸುತ್ತಿದ್ದರು. "ಅಮ್ಮಗಾರ ಪ್ರಸಂಗಾನ ಕನ್ನಡಕ್ಕೆ ಹೇಳೋರು ಬೇಕಮ್ಮ. ಗಂಡಸರು ಪಕ್ಕದಲ್ಲಿ ನಿಂತ್ರೆ ಚೆಂದಲ್ಲ. ಕರ್ತರು ನಿಮ್ಮ ಹೆಸರು ತೋರಿಸಿದ್ದಾರೆ" ಎಂದರು. ಕರ್ತ ಯೇಸುವೇ ತೋರಿಸಿದರೋ, ಊರಲ್ಲಿ ಎರಡೂ ಭಾಷೆ ಬಲ್ಲ ಬೇರೆ ಹೆಂಗಸು ಪುಕ್ಕಟೆಯಾಗಿ ಸಿಗಲಿಲ್ಲವೋ, ನಾನು ಕೇಳಲಿಲ್ಲ.

ಒಬ್ಬ ಪ್ರಸಂಗಿಯನ್ನು ನಂಬಬೇಕೆಂದರೆ ಜನರ ನಡುವೆ ಚಾಪೆಯ ಮೇಲೆ ಕೂತು ಕೇಳಬೇಕು. ಪಕ್ಕದಲ್ಲಿ ನಿಂತು ತರ್ಜುಮೆ ಮಾಡಬಾರದು. ಅವರ ಪ್ರತಿ ವಾಕ್ಯವೂ ನನ್ನ ಬಾಯಿಂದ ಮತ್ತೊಮ್ಮೆ ಹೊರಡಬೇಕಾಗಿತ್ತಲ್ಲ, ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ನಾಲಿಗೆಗೇ ಗೊತ್ತಾಗಿಬಿಡುತ್ತಿತ್ತು. ಅವರ ಎಡಗೈ ಸೆರಗಿನ ಕಡೆ ಹೋದರೆ ಅಳು ಬರುತ್ತದೆ ಎಂದು ಅರ್ಥ. ನಾನೂ ದನಿ ತಗ್ಗಿಸಿ ತಯಾರಾಗುತ್ತಿದ್ದೆ. ಕಣ್ಣು ಮುಚ್ಚಿ ಮುಖ ಮೇಲೆತ್ತಿದರೆ ದರ್ಶನ. "ಇಲ್ಲಿ ಯಾರಿಗೋ ಸೊಂಟನೋವಿದೆ ಎಂದು ಕರ್ತರು ನನಗೆ ತೋರಿಸುತ್ತಿದ್ದಾರೆ" ಎನ್ನುತ್ತಿದ್ದರು. ಎದುರಿಗೆ ಹಗಲೆಲ್ಲ ಬಗ್ಗಿ ಶೇಂಗಾ ಕಿತ್ತು ಬಂದ ಹೆಂಗಸರು. ಸೊಂಟ ನೋಯದವಳು ಅಲ್ಲಿ ಯಾರಿದ್ದಳು? ಸಾಲುಸಾಲಾಗಿ ಕೈಗಳು ಮೇಲೇಳುತ್ತಿದ್ದವು. ಕೀಬೋರ್ಡಿನ ಹುಡುಗ ಕೂಡಲೇ ಒಂದು ಕರುಣಾಜನಕ ರಾಗ ಒತ್ತುತ್ತಿದ್ದ. ನಾನು ಕನ್ನಡದಲ್ಲಿ "ಹಲ್ಲೆಲೂಯಾ" ಎನ್ನುತ್ತಿದ್ದೆ. ಅದೊಂದಕ್ಕೆ ತರ್ಜುಮೆಯ ಕಷ್ಟವಿರಲಿಲ್ಲ.

ಅವರ ಮೆಚ್ಚಿನ ಪ್ರಸಂಗ ಬಳ್ಳಿ ಮತ್ತು ಕೊಂಬೆಯದು. ಕ್ರಿಸ್ತನೇ ದ್ರಾಕ್ಷಿಬಳ್ಳಿ, ನಾವು ಕೊಂಬೆಗಳು. ರಸ ಬಳ್ಳಿಯಿಂದ ಬರಬೇಕು, ಕೊಂಬೆಗೆ ತನ್ನದೇ ಎಂಬುದು ಏನೂ ಇಲ್ಲ, ಕಡಿದು ಬಿದ್ದರೆ ಒಲೆಗೆ ಸೌದೆ. ಮೊದಲ ಸಲ ತಳಕಿನಲ್ಲಿ ಇದನ್ನು ಹೇಳಿದಾಗ, ದ್ರಾಕ್ಷಿತೋಟ ಕಂಡವರು ಇಲ್ಲಿ ಎಷ್ಟು ಮಂದಿ ಎಂದು ನಾನು ಹೀರೇಕಾಯಿ ಬಳ್ಳಿ ಎಂದುಬಿಟ್ಟೆ. ವ್ಯಾನಿನಲ್ಲಿ ವಾಪಸು ಬರುವಾಗ ಅಮ್ಮಗಾರು ನನ್ನ ತೊಡೆಗೆ ಗುದ್ದಿ, "ಕರ್ತರನ್ನ ಹೀರೇಕಾಯಿ ಮಾಡಿದೆಯಾ ಟೀಚರಮ್ಮಾ!" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನಗು ಮಾತ್ರ ನಿಜವಾದದ್ದು ಎಂದು ನನಗೆ ಅನ್ನಿಸಿತ್ತು. ವೇದಿಕೆಯ ಮೇಲೆ ಅದನ್ನು ಅವರು ಎಂದೂ ತರುತ್ತಿರಲಿಲ್ಲ.

ಹೇಳುವುದು ಬಳ್ಳಿಯ ಮಾತು, ನಡೆಯುತ್ತಿದ್ದದ್ದು ಬೇರೆ. ಕೂಟ ಮುಗಿದ ಮೇಲೆ ಜನ ಅವರ ಮುಂದೆ ಸಾಲು ನಿಲ್ಲುತ್ತಿದ್ದರು. ನೀರಿನ ಬಾಟಲಿ, ಎಣ್ಣೆ ಸೀಸೆ, ಪರೀಕ್ಷೆಯ ಹಾಲ್ ಟಿಕೆಟ್ಟು, ಮದುವೆಯಾಗದ ಮಗಳ ಫೋಟೋ. ಎಲ್ಲದರ ಮೇಲೂ ಅಮ್ಮಗಾರ ಕೈ ಬೀಳಬೇಕು. ತಾವೇ ಒಂದು ಮಾತು ದೇವರಿಗೆ ಹೇಳಿಕೊಳ್ಳಲು ಇವರಿಗೆ ಏನು ರೋಗ ಎಂದು ನನಗೆ ಮೈ ಉರಿಯುತ್ತಿತ್ತು. ಕನ್ವೀನರ್ ಸಾಲನ್ನು ನೆಟ್ಟಗೆ ಮಾಡುತ್ತ ಓಡಾಡುತ್ತಿದ್ದರು. ಕೂಟವಿದ್ದ ದಿನ ಬೆಳಗಿನಿಂದಲೇ ಅಮ್ಮಗಾರ ಫೋನನ್ನು ಅವರೇ ಇಸಿದುಕೊಂಡು ಆಫ್ ಮಾಡಿಡುತ್ತಿದ್ದರು. ಹತ್ತು ಜನರ ಹತ್ತಿರ ಮಾತಾಡಿದರೆ ಅಭಿಷೇಕ ಚೆಲ್ಲಿಹೋಗುತ್ತದಂತೆ. ಪವಿತ್ರಾತ್ಮ ಎಂದರೆ ಇವರ ಪಾಲಿಗೆ ತುಂಬಿದ ಬಿಂದಿಗೆ, ಹುಷಾರಾಗಿ ಹೊರಬೇಕು.

ಸಾಲಿನಲ್ಲಿ ತಪ್ಪದೆ ಬರುತ್ತಿದ್ದವಳು ತಳಕಿನ ಹತ್ತಿರದ ಹಟ್ಟಿಯ ಒಬ್ಬ ಹೆಂಗಸು. ಕುರಿ ಕಾಯುವ ಮನೆ, ಗಂಡ ಇಲ್ಲ, ವಯಸ್ಸಾದ ತಾಯಿಯ ಜೊತೆ ಇದ್ದಳು. ಕುರಿ ಈಯುವುದರಿಂದ ಹಿಡಿದು ತಾಯಿಯ ಕೆಮ್ಮಿನವರೆಗೆ ಎಲ್ಲಕ್ಕೂ ಫೋನು ಮಾಡಿ ಅಮ್ಮಗಾರ ಪ್ರಾರ್ಥನೆ ಕೇಳಿಸಿಕೊಳ್ಳುತ್ತಿದ್ದಳು. ನೀನೇ ಮಾಡಬಾರದೇನೇ ಎಂದು ನಾನೊಮ್ಮೆ ಗದರಿಸಿದೆ. "ನಂದು ಸೂರು ದಾಟಲ್ಲ ಕಣಕ್ಕ. ಅಮ್ಮಗಾರ್ದು ಸೀದಾ ಹೋಗ್ತೈತೆ" ಎಂದಳು, ಮಳೆ ಎಲ್ಲಿ ಬೀಳುತ್ತದೆ ಎಂದು ಹೇಳುವಷ್ಟು ಸಹಜವಾಗಿ.

ರಾಂಪುರದಲ್ಲಿ ದೊಡ್ಡ ಕೂಟ. ಬಳ್ಳಾರಿ ರಸ್ತೆಯ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿಸಿದ್ದರು. ಮಧ್ಯಾಹ್ನ ನಾವು ಒಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಅಮ್ಮಗಾರು ಲವಂಗ ಕಚ್ಚಿಕೊಂಡು ಮಂಚದ ಮೇಲೆ ಒರಗಿದ್ದರು. ಆ ಹೊತ್ತಿಗೆ ಹಟ್ಟಿಯವಳು ಬಂದಳು. ಹೊಸ್ತಿಲಲ್ಲಿ ಕನ್ವೀನರ್ ಅಡ್ಡ ನಿಂತು, "ವಿಶ್ರಾಂತಿ ತಗೋತಿದಾರಮ್ಮ, ಸಂಜೆ ಸಾಲಿಗೆ ಬಾ" ಎಂದರು. ಅವಳು ಅವರ ಪಕ್ಕದಿಂದ ನುಸುಳಿ ಒಳಗೆ ಬಂದು ನೆಲದ ಮೇಲೆ ಕೂತಳು. ಅಳುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ.

"ಅಮ್ಮಗಾರೂ, ಹೋದ್ ಸಲ ಮೊಳಕಾಲ್ಮೂರಾಗೆ ಕೂಟ ಮಾಡಿದ್ರಲ್ಲ, ಅವತ್ತು ನಮ್ಮವ್ವ ಹೋಗ್ಬಿಟ್ಲು. ನಾನು ನಿಮಗೆ ಫೋನ್ ಮಾಡ್ತಾನೇ ಇದ್ದೆ."

ಅಮ್ಮಗಾರಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ತಿಳಿಯದವರ ಹಾಗೆ ನನ್ನ ಕಡೆ ನೋಡಿದರು. ನಾನು ತೆಲುಗಿನಲ್ಲಿ ಹೇಳಿದೆ. ಆಗ ಅವರು ತಮ್ಮ ಮುರುಕು ಕನ್ನಡದಲ್ಲಿ, "ಅಯ್ಯೋ... ನೀನೇ ಪ್ರಾರ್ಥನೆ ಮಾಡಬೇಕಿತ್ತು ಕದಾ ತಲ್ಲೀ?" ಎಂದರು.

"ನಾನಾ? ನೀವಿರುವಾಗ ನಾನೆಂಗೆ ಮಾಡ್ಲಿ?" ಹಟ್ಟಿಯವಳಿಗೆ ಆ ಮಾತು ವಿಚಿತ್ರವಾಗಿ ಕೇಳಿಸಿರಬೇಕು. "ಅವ್ವ ನನ್ ಒಂದ್ ಕೈ ಹಿಡ್ಕಂಡಿದ್ಲು. ಇನ್ನೊಂದ್ ಕೈಯಾಗೆ ಫೋನಿತ್ತು. ನಿಮ್ ಪ್ರಾರ್ಥನೆ ಅವ್ವನೂ ಕೇಳ್ಲಿ ಅಂತ ಜೋರಾಗಿ ಇಟ್ಟಿದ್ದೆ. ಅದ್ರಾಗೆ ಆಯಮ್ಮ 'ಸ್ವಿಚ್ ಆಫ್ ಆಗಿದೆ, ಸ್ವಿಚ್ ಆಫ್ ಆಗಿದೆ' ಅಂತಾನೇ ಅಂದ್ಲು. ನಮ್ಮವ್ವನ ಕಿವಿಗೆ ಕಡೀಗೆ ಬಿದ್ದಿದ್ದು ಅದೇ ಮಾತು. ಯಾರೂ ಪ್ರಾರ್ಥನೆ ಮಾಡ್ಲಿಲ್ಲ. ಈಗ ಹೇಳ್ರಿ, ನಮ್ಮವ್ವ ಎಲ್ಲಿಗೆ ಹೋದ್ಲು?"

ಕನ್ವೀನರ್ ಬಾಗಿಲಿಂದಲೇ, "ಕರ್ತರ ಪಾದ ಸೇರಿದಾರಮ್ಮ, ಏನೂ ಚಿಂತೆ ಮಾಡ್ಬೇಡ, ಎದ್ದೇಳು" ಎಂದರು. ಡಿಪೋದಲ್ಲಿ ಕಳೆದುಹೋದ ಚೀಲದ ಬಗ್ಗೆ ವಿಚಾರಿಸಲು ಬಂದವರಿಗೂ ಬಹುಶಃ ಹೀಗೇ ಹೇಳಿ ಕಳಿಸುತ್ತಿದ್ದರು. ಅಮ್ಮಗಾರು ಲವಂಗವನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಅವರ ಹತ್ತಿರ ಯಾವಾಗಲೂ ಒಂದು ಮಾತು ಸಿದ್ಧವಿರುತ್ತಿತ್ತು. ಅವತ್ತು ನಾನು ಕಾದೆ, ತರ್ಜುಮೆ ಮಾಡಲು ಏನೂ ಬರಲಿಲ್ಲ. ಹಟ್ಟಿಯವಳು ಸೀರೆಯ ಧೂಳು ಕೊಡವಿಕೊಂಡು ಎದ್ದುಹೋದಳು.

ಸಂಜೆ ವೇದಿಕೆಯಲ್ಲಿ ಬಳ್ಳಿಯ ಪ್ರಸಂಗವೇ ಶುರುವಾಯಿತು. ಕೊಂಬೆಗೆ ತನ್ನದೇನೂ ಇಲ್ಲ ಎಂಬಲ್ಲಿಗೆ ಬಂದು ನಿಂತರು. ಮತ್ತೆ, "ನೇನು ಎಂಡಿಪೋಯಾನು" ಎಂದರು. ನಾನು ಕನ್ನಡದಲ್ಲಿ, "ನಾನು ಒಣಗಿಹೋಗಿದ್ದೇನೆ" ಎಂದೆ. ಹೊಸ ಪಟ್ಟು ಇರಬೇಕು ಎಂದುಕೊಂಡು ಅವರ ಎಡಗೈ ನೋಡಿದೆ. ಅದು ಸೆರಗಿನ ಕಡೆ ಹೋಗಲಿಲ್ಲ, ಮೈಕಿನ ಕಂಬಿ ಹಿಡಿದುಕೊಂಡಿತ್ತು.

ಅವರು ತೆಲುಗಿನಲ್ಲಿ ಹೇಳುತ್ತ ಹೋದರು, ನಾನು ಅವರ ಮಾತನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಮೈಕಿಲ್ಲದೆ, ಯಾರೂ ಕೇಳಿಸಿಕೊಳ್ಳದ ಕಡೆ ಕೂತು ನಾನು ದೇವರನ್ನು ಕರೆದು ವರ್ಷಗಳಾದವು. ನಿಮ್ಮ ಸೊಂಟನೋವನ್ನು ನನಗೆ ಯಾವ ಕರ್ತರೂ ತೋರಿಸಲಿಲ್ಲ, ನಿಮ್ಮನ್ನು ನೋಡಿ ಹೇಳಿದೆ. ನನ್ನ ಕೈಯಲ್ಲಿ ಏನೂ ಇಲ್ಲ. ನಾನೂ ನಿಮ್ಮ ಹಾಗೆ ದಿನದಿನ ಬೇಡಿ ಪಡೆಯಬೇಕಾದವಳು, ಬೇಡುವುದನ್ನೇ ಬಿಟ್ಟೆ, ಕೊಡುವವಳ ಹಾಗೆ ನಿಂತೆ. ಒಬ್ಬ ತಾಯಿ ಸಾಯುವಾಗ ಮಗಳು ನನಗೆ ಫೋನು ಮಾಡುತ್ತಾ ಕೂತಳು, ದೇವರು ಅಲ್ಲೇ ಪಕ್ಕದಲ್ಲಿದ್ದ. ನನ್ನನ್ನು ಬಿಡಿ. ನೀವೇ ಆತನನ್ನು ಕೇಳಿ.

ಆಮೇಲೆ ಕೀಬೋರ್ಡಿನ ಹುಡುಗ ತನ್ನ ರಾಗ ಒತ್ತಿದ. ಮುಂದಿನ ಸಾಲಿನಿಂದ ಯಾರೋ "ಹಲ್ಲೆಲೂಯಾ!" ಎಂದರು. ಅಷ್ಟೇ, ಶಾಮಿಯಾನವೇ ಎದ್ದು ನಿಂತಿತು. ಹೆಂಗಸರು ಹೋ ಎಂದು ಅತ್ತರು. ಗಂಡಸರು ಕೈಯೆತ್ತಿ ಸ್ತೋತ್ರ ಸ್ತೋತ್ರ ಎಂದರು. ಕನ್ವೀನರ್ ನನ್ನ ಹಿಂದೆ ಬಂದು, "ಏನ್ ಮೆಸೇಜ್ ಅಮ್ಮಾ! ಏನ್ ತಗ್ಗಿಸಿಕೊಳ್ಳೋದು! ಇವತ್ತು ಅಭಿಷೇಕ ಡಬಲ್ ಐತೆ" ಎಂದು ಕಣ್ಣೊರೆಸಿಕೊಂಡರು. ಆ ಸಂಜೆಯ ಸಾಲು ರಸ್ತೆಯವರೆಗೂ ಹೋಯಿತು. ಒಬ್ಬಳು ಮಗನನ್ನು ಮುಂದೆ ನೂಕಿ, "ಅಮ್ಮಗಾರೂ, ಆ ಒಣಗಿದ ಕೈನೇ ಇವನ ತಲಿ ಮೇಲೆ ಇಡ್ರಿ" ಎಂದಳು. ಅಮ್ಮಗಾರು ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ಆ ಕೈಯನ್ನು ಎಳೆದು ತಾನೇ ಇಟ್ಟುಕೊಂಡಳು.

ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡ ಮಂದೆಯನ್ನು ನೋಡಿಲ್ಲ. ಕುರಿಗಳಾದರೂ ಕುರಿಗಾರ ಹೋಗು ಎಂದರೆ ಹೋಗುತ್ತವೆ.

ವ್ಯಾನಿನಲ್ಲಿ ಚಳ್ಳಕೆರೆಗೆ ಹೊರಟೆವು. ಬ್ರಹ್ಮಗಿರಿಯ ಕಡೆಗೆ ಹೋಗುವ ದಾರಿ ದಾಟಿದ ಮೇಲೆ ಅಮ್ಮಗಾರು, "ಸರಿಯಾಗಿ ಹೇಳಿದೆಯಾ ಟೀಚರಮ್ಮಾ? ಒಂದೂ ಬಿಡದೆ?" ಎಂದರು.

"ಒಂದಕ್ಷರ ಬಿಡಲಿಲ್ಲ."

"ಮತ್ತೆ ಅವರಿಗೆ ಯಾಕೆ ಕೇಳಿಸಲಿಲ್ಲ?"

"ಕೇಳೋದಕ್ಕೆ ಯಾರು ಬಂದಿದ್ರು ಅಮ್ಮಗಾರು?" ಎಂದೆ.

ಮೂರು ದಿನ ಕಳೆಯುವುದರೊಳಗೆ ಆ ಪ್ರಸಂಗದ ವಿಡಿಯೊ ಎಲ್ಲರ ಫೋನಿಗೂ ಬಂತು, ಹಿನ್ನೆಲೆಗೆ ಪಿಟೀಲು ಸೇರಿಸಿ. ಚಳ್ಳಕೆರೆಯಲ್ಲಿ ಮುಂದಿನ ಕೂಟ ನಿಗದಿಯಾಗಿತ್ತು. ಕನ್ವೀನರ್ ನನ್ನ ಎದುರಿನಲ್ಲೇ ಅಮ್ಮಗಾರಿಗೆ, "ಅದೇ ಒಣಗಿಹೋದ ಮೆಸೇಜನ್ನ ಇಲ್ಲೂ ಕೊಡ್ರಿ. ಆ ನಿಲ್ಸಿದ್ರಲ್ಲ ಒಂದ್ ಕಡೆ, ಅಲ್ಲಿ ಹಂಗೇ ನಿಲ್ಸಿ" ಎಂದರು. ಅಮ್ಮಗಾರು ಅವರನ್ನು ದಿಟ್ಟಿಸಿ ನೋಡಿ, ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಈ ಮನುಷ್ಯನಿಗೆ ಹೇಳು, ನಾನು ಬರುವುದಿಲ್ಲ" ಎಂದರು. ಕನ್ವೀನರಿಗೂ ಅಷ್ಟು ತೆಲುಗು ಅರ್ಥವಾಗುತ್ತಿತ್ತು. ಆದರೂ ನಾನು ಬಿಡದೆ ಕನ್ನಡದಲ್ಲಿ ಹೇಳಿದೆ, ನಿಧಾನವಾಗಿ, ಸ್ಪಷ್ಟವಾಗಿ. ಆ ಒಂದು ವಾಕ್ಯ ಕೊಟ್ಟಷ್ಟು ಸುಖ ನನಗೆ ಬೇರೆ ಯಾವ ವಾಕ್ಯವೂ ಕೊಟ್ಟಿಲ್ಲ.

ಅವರು ಊರಿಗೂ ಹೋಗಲಿಲ್ಲ. ತಳಕಿನಲ್ಲಿ ಅಂಗಡಿಸಾಲಿನ ಹಿಂದೆ ಒಂದು ಕೋಣೆ ಹಿಡಿದರು. ಹತ್ತಿರದಲ್ಲೇ ತಗಡಿನ ಮಾಡಿನ ಪುಟ್ಟ ಪ್ರಾರ್ಥನಾ ಮಂದಿರವಿತ್ತು. ಹಟ್ಟಿಗಳ ಕೆಲವು ಮನೆಯವರು ಬರುತ್ತಿದ್ದರು. ಅಲ್ಲಿ ಹೋಗಿ ಹಿಂದೆ ಗೋಡೆಗೆ ಒರಗಿ ಕೂರುತ್ತಾರಂತೆ, ಯಾರು ಕೇಳಿದರೂ ಪ್ರಸಂಗ ಮಾಡುವುದಿಲ್ಲವಂತೆ, ತಲೆಯ ಮೇಲೆ ಕೈ ಇಡುವುದಿಲ್ಲವಂತೆ ಎಂದು ಸುದ್ದಿ ಬಂತು. ಬಂದ ಭಕ್ತರು ಬೇಸತ್ತು, ಆಕೆಯಿಂದ ಶಕ್ತಿ ಹೋಯಿತು ಎಂದು ಮಾತಾಡಿಕೊಂಡು ಬಳ್ಳಾರಿಯ ಇನ್ನೊಬ್ಬ ಪ್ರಸಂಗಿಯ ಹಿಂದೆ ಬಿದ್ದರು. ಒಣಗಿದೆ ಎಂದು ಆಕೆಯೇ ಹೇಳಿದಾಗ ನಂಬದವರು ಇವರೇ.

ನನಗೂ ನಂಬಿಕೆಯಿರಲಿಲ್ಲ. ಇದು ಇನ್ನೊಂದು ನಾಟಕ, ಇದರ ವೇದಿಕೆ ಚಿಕ್ಕದು ಎಂದುಕೊಂಡಿದ್ದೆ. ಒಂದು ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿ ನೋಡಲು ಹೋದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಗೋಡೆಯ ಕಡೆ ಮುಖ ಮಾಡಿ ಏನೋ ಹೇಳಿಕೊಳ್ಳುತ್ತಿದ್ದರು. ನನ್ನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ದನಿ ಏರಿತು. ಅದೇ ಹಳೆಯ ದನಿ, ಕಂಪನ ಸಮೇತ. ನಾನು ನಕ್ಕೆ. ನಗು ಕೆಟ್ಟದಾಗಿಯೇ ಇತ್ತು.

ಅವರು ನಿಲ್ಲಿಸಿ ತಿರುಗಿದರು. "ಕೇಳಿಸ್ತಾ? ನೀನು ಬಂದೆ ಅಂತ ಗೊತ್ತಾದ ಕೂಡ್ಲೇ ಬದಲಾಯ್ತು" ಎಂದರು. ತಮ್ಮ ಮೇಲೆಯೇ ಅಷ್ಟು ತಾತ್ಸಾರ ತುಂಬಿದ ದನಿಯನ್ನು ನಾನು ಕೇಳಿರಲಿಲ್ಲ. ನನ್ನ ತಾತ್ಸಾರ ಅದರ ಮುಂದೆ ಏನೂ ಅಲ್ಲ.

ಚಹಾ ಮಾಡಿ ಕೊಟ್ಟರು. "ಇಲ್ಲಿ ಕೂತು ಏನು ಸಿಕ್ಕಿತು ಅಮ್ಮಗಾರು?" ಎಂದು ಚುಚ್ಚಿದೆ.

"ಬಹಳ ದಿನ ಏನೂ ಇಲ್ಲ. ಗೋಡೆ ಗೋಡೇನೇ." ಆಮೇಲೆ ತೆಲುಗಿನಲ್ಲಿ ಮಾತು ಮುಂದುವರಿಸಿದರು. ನಿಜವಾಗಿ ಪ್ರಾರ್ಥನೆ ಮಾಡಬೇಕು ಎಂದು ಹೊರಟರೆ ಅದೂ ನನ್ನದೇ ಪ್ರಯತ್ನ ಆಗಿಬಿಡುತ್ತದೆ, ಅದರಲ್ಲೂ ನಾನೇ ಚೆಂದ ಕಾಣುತ್ತೇನೆ. ನನ್ನೊಳಗೆ ನಿಜ ಎನ್ನುವುದನ್ನು ನಾನೇ ಮಾಡಿಕೊಳ್ಳಲಾರೆ. ಅದನ್ನೂ ಆತನೇ ಕೊಡಬೇಕು. ಅದಕ್ಕೇ ಬೆಳಿಗ್ಗೆ ಎದ್ದು ಕೇಳುತ್ತೇನೆ. ಕೊಟ್ಟ ದಿನ ಇದೆ, ಕೊಡದ ದಿನ ಇದೆ. "ಅಡುಗುತಾನು. ಅಂತೇ" ಎಂದರು. ಕೇಳುತ್ತೇನೆ, ಅಷ್ಟೇ.

ನಾನು ಮನಸ್ಸಿನಲ್ಲೇ ಅದನ್ನು ಕನ್ನಡಕ್ಕೆ ತಿರುಗಿಸಿ ನೋಡಿದೆ, ಅಭ್ಯಾಸಬಲ. ಎಲ್ಲಿಯೂ ಟೊಳ್ಳು ಸಿಗಲಿಲ್ಲ. ಅದು ನನಗೆ ಇಷ್ಟವಾಗಲಿಲ್ಲ ಎಂದೇ ಹೇಳಬೇಕು. ಒಬ್ಬರನ್ನು ವರ್ಷಗಟ್ಟಲೆ ಹಗುರವಾಗಿ ಕಂಡ ಮೇಲೆ ಅವರು ಇದ್ದಕ್ಕಿದ್ದಂತೆ ಭಾರವಾದರೆ...

ಅವತ್ತು ಸಂಜೆ ಅವರ ಜೊತೆ ಪ್ರಾರ್ಥನಾ ಮಂದಿರಕ್ಕೆ ಹೋದೆ. ಹಟ್ಟಿಯವಳು ಬಂದಿದ್ದಳು. ಎಲ್ಲರೂ ತಲೆ ತಗ್ಗಿಸಿದಾಗ ಅವಳೇ ಬಾಯಿಬಿಟ್ಟಳು. "ಸ್ವಾಮೀ, ನಮ್ಮವ್ವ ನಿನ್ನ ತಾವ ಅವ್ಳೆ. ಅವಳಿಗೆ ಚಳಿ ತಡಿಯಲ್ಲ, ನೋಡ್ಕ. ಈ ಅಮ್ಮಗಾರ್ನೂ ನೋಡ್ಕ, ಇವ್ರಿಗೂ ಯಾರೂ ಇಲ್ಲ." ಇಷ್ಟೇ. ಅಮ್ಮಗಾರ ತುಟಿ ಅದುರುತ್ತಿತ್ತು. ಎಡಗೈ ಎಲ್ಲಿದೆ ಎಂದು ನೋಡಲು ನನಗೆ ನೆನಪಾಗಲಿಲ್ಲ.

ಆಮೇಲೂ ಆಗಾಗ ಹೋಗುತ್ತಿದ್ದೆ. ಕನ್ವೀನರ್ ಕಾಲದ ಕಥೆಗಳನ್ನು ಹೇಳಿಕೊಂಡು ನಾವಿಬ್ಬರೂ ನಗುತ್ತಿದ್ದೆವು. ಆಮೇಲೆ ಅವರಿಗೆ ಕಾಯಿಲೆ ಬಂತು, ಎದೆಯದ್ದು. ಹಟ್ಟಿಯವಳೇ ಗಂಜಿ ಕುಡಿಸಿದಳು. ಒಂದು ಬೆಳಿಗ್ಗೆ ಅವಳು ಕೋಣೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಬದುಕಿದ್ದಾಗ ತಿರುಗಿ ನೋಡದವರು ಸತ್ತ ಮೇಲೆ ಚಳ್ಳಕೆರೆಯಲ್ಲಿ ಸ್ಮರಣೆಯ ಕೂಟ ಇಟ್ಟರು. ಮೈಕ್ ಹಿಡಿದ ಅಮ್ಮಗಾರ ಆಳೆತ್ತರದ ಫ್ಲೆಕ್ಸು. ಕನ್ವೀನರ್ ಅತ್ತರು. ಆಕೆಯ ಬಿಳಿ ಸೀರೆಗಳನ್ನು ಕತ್ತರಿಸಿ ರೋಗಿಗಳಿಗೆ ಒಂದೊಂದು ತುಂಡು ಕೊಡಬಹುದಲ್ಲವೇ ಎಂದು ಇಬ್ಬರು ಹೆಂಗಸರು ನನ್ನನ್ನು ಗುಟ್ಟಾಗಿ ಕೇಳಿದರು. ಕೊನೆಗೆ ಹಟ್ಟಿಯವಳನ್ನು ವೇದಿಕೆಗೆ ಹತ್ತಿಸಿ, ಅಮ್ಮಗಾರ ಪ್ರಾರ್ಥನೆಯಿಂದ ಆದ ಅದ್ಭುತದ ಸಾಕ್ಷಿ ಹೇಳು ಎಂದರು.

ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ಅವ್ರು ನನಗೆ ಪ್ರಾರ್ಥನೆ ಮಾಡೋದು ಬಿಟ್ರು. ಅವಾಗ ನಾನೇ ದೇವ್ರ ತಾವ ಹೋದೆ" ಎಂದು ಹೇಳಿ ಇಳಿದುಬಂದಳು. ಕೀಬೋರ್ಡಿನ ಹುಡುಗನಿಗೆ ಯಾವ ರಾಗ ಒತ್ತಬೇಕೆಂದು ತಿಳಿಯಲಿಲ್ಲ.

ಈಗ ಇದೆಲ್ಲ ಮುಗಿದು ಕೆಲವು ವರ್ಷಗಳಾಗಿವೆ. ತಳಕಿನ ಆ ಕೋಣೆಯಲ್ಲಿ ಯಾರೋ ಮೊಬೈಲ್ ರಿಪೇರಿ ಇಟ್ಟಿದ್ದಾರೆ. ಮೊನ್ನೆ ಕನ್ವೀನರ್ ಫೋನು ಮಾಡಿದ್ದರು. ಕರ್ನೂಲಿನ ಕಡೆಯಿಂದ ಹೊಸ ಪ್ರಸಂಗಿ ಬರುತ್ತಿದ್ದಾರಂತೆ, ತುಂಬಾ ಬೆಂಕಿಯಂತೆ, ಕನ್ನಡಕ್ಕೆ ನಾನು ಬರಬೇಕಂತೆ. ಬರುವುದಿಲ್ಲ ಎಂದೆ.

"ಹಂಗನ್ಬೇಡ್ರಮ್ಮ. ನಿಮ್ಮಂಥೋರು ಇಲ್ಲಾಂದ್ರೆ ದೇವ್ರ ಮಾತು ಜನಕ್ಕೆ ಹೆಂಗೆ ಮುಟ್ಟುತ್ತೆ? ದೇವರೇನು ಬಂದು ಹೇಳ್ತಾನಾ?" ಎಂದರು ಕನ್ವೀನರ್.

ಫೋನು ಇಟ್ಟ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಈ ಮಾತನ್ನು ತೆಲುಗಿನಲ್ಲಿ ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ ಎನ್ನಿಸಿತು. ಹೇಳಿದೆ, ಖಾಲಿ ಮನೆಗೆ. ಇದನ್ನು ಕೇಳಿ ನನ್ನ ತೊಡೆಗೆ ಗುದ್ದಿ ನಗಬಲ್ಲವರು ಈ ಸೀಮೆಯಲ್ಲಿ ಒಬ್ಬರೇ ಇದ್ದರು.